ಕಾಲೇಜು ಫುಟ್‌ಬಾಲ್ ಟಿಕೆಟ್: ಸ್ಟೇಡಿಯಂ ಹೊರಗೆ, ಕೊನೇ ಗಳಿಗೆಯಲ್ಲಿ, ಕಡಿಮೆ ಬೆಲೆಗೆ ಕೊಳ್ಳುವುದು ಹೇಗೆ?

ಅಮೆರಿಕಕ್ಕೆ ಓದಲು ಬಂದ ನಮ್ಮ ಹುಡುಗ ಹುಡುಗಿಯರು, ಕೆಲಸಕ್ಕೆಂದು ಡೆಟ್ರಾಯಿಟ್ ಕಡೆ ಬಂದಿಳಿದವರು, ಮಕ್ಕಳ ಮನೆಗೆ ಬಂದಿರುವ ಅಪ್ಪ ಅಮ್ಮಂದಿರು, ಎಲ್ಲರೂ ಸೆಪ್ಟೆಂಬರ್ ಬಂದ ಕೂಡಲೇ ವಿಶ್ವವಿದ್ಯಾಲಯದ ತಂಡಗಳು ಆಡುವ ಅಮೆರಿಕನ್ ಫುಟ್‌ಬಾಲ್ (ನಮ್ಮ ಕಾಲ್ಚೆಂಡಾಟ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ಬಗ್ಗೆ ಕೇಳುವುದು ಒಂದೇ ಪ್ರಶ್ನೆ. "ಒಂದು ಸಲ ಆ ದೊಡ್ಡ ಸ್ಟೇಡಿಯಂ ಒಳಗೆ ಕೂತು ಆಟ ನೋಡಬೇಕು. ಆದರೆ ಟಿಕೆಟ್ ಬೆಲೆ ನೋಡಿದರೆ ಎದೆ ಝಲ್ ಅನ್ನುತ್ತೆ. ಆಟದ ದಿನ ಸ್ಟೇಡಿಯಂ ಹತ್ತಿರ ಹೋದರೆ ಕಡಿಮೆಗೆ ಸಿಗುತ್ತಾ? ಮೋಸ ಹೋಗಲ್ವಾ?"

ಸಿಗುತ್ತದೆ. ಮೋಸ ಹೋಗದೆ ಕೊಳ್ಳಲೂಬಹುದು. ಅದಕ್ಕೆ ಎರಡು ವಿಷಯ ಗೊತ್ತಿರಬೇಕು. ಯಾವ ಆಟಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಅನ್ನುವುದು ಒಂದು. ದುಡ್ಡು ಯಾವ ಕ್ಷಣದಲ್ಲಿ ಕೈಬಿಡಬೇಕು ಅನ್ನುವುದು ಇನ್ನೊಂದು. ಎರಡನೆಯದರಲ್ಲಿ ಎಡವಿದವರೇ ಜಾಸ್ತಿ. ಹಾಗಾಗಿ ಅದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂ ತೆಗೆದುಕೊಳ್ಳುತ್ತೇನೆ. ಇದು ಆ್ಯನ್ ಆರ್ಬರ್ ಊರಿನಲ್ಲಿದೆ, 1927ರಲ್ಲಿ ಶುರುವಾಯಿತು. ಎಲ್ಲರೂ ಇದನ್ನು 'ಬಿಗ್ ಹೌಸ್' ಅಂತಲೇ ಕರೆಯುವುದು. 1,07,601 ಜನ ಕೂರುವಷ್ಟು ಜಾಗ ಇದೆ. 2013ರ ಸೆಪ್ಟೆಂಬರ್ 7ರಂದು ನೋಟರ್ ಡೇಮ್ ವಿಶ್ವವಿದ್ಯಾಲಯದ ವಿರುದ್ಧದ ಆಟಕ್ಕೆ 1,15,109 ಜನ ಸೇರಿದ್ದರು. ಇಷ್ಟು ದೊಡ್ಡ ಜಾಗವಾದ್ದರಿಂದ ಪ್ರತಿ ಆಟಕ್ಕೂ ಯಾರಾದರೊಬ್ಬರ ಹತ್ತಿರ ಒಂದೆರಡು ಟಿಕೆಟ್ ಉಳಿದೇ ಇರುತ್ತದೆ. ನಮಗೆ ಬೇಕಾದ್ದು ಅದೇ. ನೀವು ಕೊಲಂಬಸ್‌ನಲ್ಲೋ ಆಸ್ಟಿನ್‌ನಲ್ಲೋ ಇದ್ದರೂ ಕ್ರಮ ಹೆಚ್ಚುಕಡಿಮೆ ಇದೇ. ಬೀದಿಗಳ ಹೆಸರು ಮತ್ತು ಅಲ್ಲಿನ ಕಾನೂನು ಮಾತ್ರ ಬೇರೆ.

ಮೊದಲು ಕೆಲವು ಮಾತುಗಳು

ಸ್ಟೇಡಿಯಂ ಸುತ್ತ ಕಿವಿಗೆ ಬೀಳುವ ಕೆಲವು ಪದಗಳು ಗೊತ್ತಿದ್ದರೆ ಗಾಬರಿ ಇರುವುದಿಲ್ಲ.

ಕಿಕ್‌ಆಫ್ ಅಂದರೆ ಆಟ ಶುರುವಾಗುವ ಹೊತ್ತು. ಫೇಸ್ ವ್ಯಾಲ್ಯೂ ಅಂದರೆ ಟಿಕೆಟ್ಟಿಗೆ ವಿಶ್ವವಿದ್ಯಾಲಯ ಇಟ್ಟ ಮೂಲ ಬೆಲೆ. ಸ್ಕಾಲ್ಪರ್ ಅಂದರೆ ಟಿಕೆಟ್ ಕೊಂಡು ಮಾರುವುದನ್ನೇ ದಂಧೆ ಮಾಡಿಕೊಂಡವನು, ನಮ್ಮ ಥಿಯೇಟರ್ ಮುಂದೆ ಬ್ಲ್ಯಾಕ್‌ನಲ್ಲಿ ಮಾರುತ್ತಿದ್ದವರ ಹಾಗೆ. ಟೈಲ್‌ಗೇಟ್ ಅಂದರೆ ಆಟಕ್ಕೆ ಮುಂಚೆ ಪಾರ್ಕಿಂಗ್ ಜಾಗದಲ್ಲಿ ಕಾರಿನ ಡಿಕ್ಕಿ ತೆರೆದು, ಒಲೆ ಹಚ್ಚಿ, ಮನೆಮಂದಿ ಸ್ನೇಹಿತರು ಸೇರಿ ತಿನ್ನುತ್ತ ಕುಡಿಯುತ್ತ ಕಳೆಯುವ ಹೊತ್ತು. ಟ್ರಾನ್ಸ್‌ಫರ್ ಅಂದರೆ ಒಬ್ಬರ ಟಿಕೆಟ್ ಖಾತೆಯಿಂದ ಇನ್ನೊಬ್ಬರ ಖಾತೆಗೆ ಫೋನ್ ಮೂಲಕ ಟಿಕೆಟ್ ಕಳಿಸುವುದು. ಈ ಕೊನೇ ಪದವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಹಂತ 1: ಸರಿಯಾದ ಆಟ ಆರಿಸಿಕೊಳ್ಳಿ

ಬೆಲೆ ತೀರ್ಮಾನವಾಗುವುದು ನಿಮ್ಮ ಚೌಕಾಸಿಯಿಂದಲ್ಲ, ನೀವು ಆರಿಸಿದ ಆಟದಿಂದ. ಇದನ್ನು ಬಹಳ ಜನ ಒಪ್ಪುವುದೇ ಇಲ್ಲ. ಎಲ್ಲರಿಗೂ ಹಳೆಯ ಎದುರಾಳಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ವಿರುದ್ಧದ ಆಟವೇ ಬೇಕು. ಮಿಷಿಗನ್ ಮತ್ತು ಓಹಾಯೊ ಸ್ಟೇಟ್ ನಡುವಿನ ಆಟಕ್ಕೆ ಅಲ್ಲಿ 'ದ ಗೇಮ್' ಅನ್ನುವ ಹೆಸರೇ ಇದೆ. ಅದು ನವೆಂಬರ್ ಕೊನೆಯ ಶನಿವಾರದ ಆಸುಪಾಸಿನಲ್ಲಿ ನಡೆಯುತ್ತದೆ. ಆ್ಯನ್ ಆರ್ಬರ್‌ನಲ್ಲಿ ನಡೆಯುವ ವರ್ಷ ಟಿಕೆಟ್ ನೂರಾರು ಡಾಲರ್ ಮುಟ್ಟುತ್ತದೆ. ಬಾಗಿಲ ಹತ್ತಿರ ಕಾಯುತ್ತ ನಿಂತರೂ ಅಷ್ಟಾಗಿ ಇಳಿಯುವುದಿಲ್ಲ. ಅದೇ ರಾಜ್ಯದ ಎದುರಾಳಿ ಮಿಷಿಗನ್ ಸ್ಟೇಟ್ ಬಂದಾಗಲೂ ಸುಮಾರು ಹೀಗೇ. ಈ ಆಟಗಳನ್ನು ಕೊನೇ ಗಳಿಗೆಗೆ ಬಿಡಬೇಡಿ. ಬೇಕೇ ಬೇಕು ಅಂದರೆ ಮುಂಚೆಯೇ ಕೊಂಡುಬಿಡಿ.

ಹಾಗಾದರೆ ಕಾಯಬಹುದಾದ ಆಟ ಯಾವುದು?

ಸೀಸನ್ ಶುರುವಿನ ಆಟಗಳು. ಒಂದು ತಂಡ ಒಂದು ಸೀಸನ್‌ನಲ್ಲಿ ಸಾಮಾನ್ಯವಾಗಿ 12 ಆಟ ಆಡುತ್ತದೆ. ಅದರಲ್ಲಿ ಆರೇಳು ಆಟ ತನ್ನ ಊರಿನಲ್ಲೇ ಇರುತ್ತವೆ. ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್‌ನಲ್ಲಿ ದೊಡ್ಡ ತಂಡಗಳು ಸಣ್ಣ ವಿಶ್ವವಿದ್ಯಾಲಯಗಳ ತಂಡವನ್ನು ಕರೆಸಿಕೊಂಡು ಆಡುತ್ತವೆ. ಗೆಲುವು ಖಾತ್ರಿ ಅಂದುಕೊಂಡು ಸೀಸನ್ ಟಿಕೆಟ್ (ಆ ವರ್ಷ ಊರಿನಲ್ಲಿ ನಡೆಯುವ ಆಟಗಳಿಗೆಲ್ಲ ಒಟ್ಟಿಗೆ ಕೊಂಡ ಟಿಕೆಟ್) ಇದ್ದವರೇ ಎಷ್ಟೋ ಜನ ಬರುವುದಿಲ್ಲ. ಅವರ ಟಿಕೆಟ್ ಮಾರಾಟಕ್ಕೆ ಬರುತ್ತದೆ, ಬೆಲೆ ಇಳಿಯುತ್ತದೆ.

"ಆ ಆಟದಲ್ಲಿ ಏನು ಮಜಾ?" ಅಂತ ಕೇಳುವವರಿಗೆ 2007ರ ಸೆಪ್ಟೆಂಬರ್ 1 ನೆನಪಿಸುತ್ತೇನೆ. ಆ ದಿನ ಇದೇ ಸ್ಟೇಡಿಯಂನಲ್ಲಿ ಆ್ಯಪಲಾಚಿಯನ್ ಸ್ಟೇಟ್ ಅನ್ನುವ ಕೆಳ ದರ್ಜೆಯ ತಂಡ ಬಂದು ಮಿಷಿಗನ್ ತಂಡವನ್ನು 34-32ರಿಂದ ಸೋಲಿಸಿತು. ಕಾಲೇಜು ಫುಟ್‌ಬಾಲ್ ಇತಿಹಾಸದಲ್ಲೇ ದೊಡ್ಡ ಆಘಾತ ಅಂತ ಇವತ್ತಿಗೂ ಆ ಆಟದ ಮಾತು ಬರುತ್ತದೆ. ಅದಿರಲಿ, ಮೊದಲ ಸಲ ಹೋಗುವವರಿಗೆ ಎದುರಾಳಿ ಯಾರು ಅನ್ನುವುದಕ್ಕಿಂತ ಆ ಜನಸಾಗರ, ಬ್ಯಾಂಡು, ಗದ್ದಲ ಇವೇ ಮುಖ್ಯ. ಅದೆಲ್ಲ ಅಗ್ಗದ ಆಟದಲ್ಲೂ ಅಷ್ಟೇ ಸಿಗುತ್ತದೆ.

ಇನ್ನು ಬೆಲೆ ಇಳಿಸುವ ಬೇರೆ ಕಾರಣಗಳು: ಮಳೆ ಅಥವಾ ಕೊರೆಯುವ ಚಳಿ, ತಂಡ ಹಿಂದಿನ ವಾರ ಸೋತಿರುವುದು, ಮಧ್ಯಾಹ್ನ 12ಕ್ಕೇ ಶುರುವಾಗುವ ಆಟ, ವಿದ್ಯಾರ್ಥಿಗಳು ಊರಿಗೆ ಹೋಗುವ ರಜೆಯ ವಾರ. ಏರಿಸುವ ಕಾರಣಗಳು ಇದರ ತಿರುಗಾ ಮುರುಗಾ. ರಾತ್ರಿ ದೀಪದ ಬೆಳಕಿನ ಆಟಕ್ಕೆ ಬೇಡಿಕೆ ಜಾಸ್ತಿ. ಹಳೆಯ ವಿದ್ಯಾರ್ಥಿಗಳು ಊರಿಗೆ ಮರಳುವ 'ಹೋಮ್‌ಕಮಿಂಗ್' ವಾರಕ್ಕೂ ಜನ ಹೆಚ್ಚು. ತಂಡ ಸಾಲಾಗಿ ಗೆಲ್ಲುತ್ತಿದ್ದರಂತೂ ಬೆಲೆ ಏರುತ್ತಲೇ ಹೋಗುತ್ತದೆ.

ಗಮನಿಸಿ: ಆಟದ ದಿನ ಗೊತ್ತಿದ್ದರೂ ಎಷ್ಟು ಗಂಟೆಗೆ ಅನ್ನುವುದು ಎಲ್ಲ ಆಟಗಳಿಗೂ ಮೊದಲೇ ಗೊತ್ತಿರುವುದಿಲ್ಲ. ಟಿವಿ ಚಾನೆಲ್‌ಗಳು ಕೆಲವು ಆಟಗಳ ಹೊತ್ತನ್ನು 12 ದಿನ ಮುಂಚೆ, ಕೆಲವೊಮ್ಮೆ 6 ದಿನ ಮುಂಚೆಯಷ್ಟೇ ಹೇಳುತ್ತವೆ. ದೂರದಿಂದ ಬರುವವರು ಬಸ್ಸು, ಹೋಟೆಲ್ ಬುಕ್ ಮಾಡುವಾಗ ಇದು ತಲೆಯಲ್ಲಿರಲಿ.

ಹಂತ 2: ಫೋನ್ ತಯಾರು ಮಾಡಿಕೊಳ್ಳಿ

ಹಿಂದೆ ಕೈಯಲ್ಲಿ ಕಾಗದದ ಟಿಕೆಟ್ ಹಿಡಿದು ಮಾರುತ್ತಿದ್ದರು. ಈಗ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಟಿಕೆಟ್ ಇರುವುದು ಫೋನಿನಲ್ಲಿ ಮಾತ್ರ. ಹಾಗಾಗಿ ಸ್ಟೇಡಿಯಂ ಹೊರಗೆ ಕೊಳ್ಳುವುದು ಅಂದರೂ ವ್ಯವಹಾರ ಪೂರ್ತಿ ಆಗುವುದು ಫೋನಿನಲ್ಲೇ.

ಮನೆಯಲ್ಲಿರುವಾಗಲೇ, ವೈಫೈ ಇರುವಾಗಲೇ ಈ ಕೆಲಸ ಮುಗಿಸಿ. ಆ ವಿಶ್ವವಿದ್ಯಾಲಯ ಯಾವ ಟಿಕೆಟ್ ಆ್ಯಪ್ ಬಳಸುತ್ತದೆ ನೋಡಿ. ಅದರ ಕ್ರೀಡಾ ವಿಭಾಗದ ವೆಬ್‌ಸೈಟ್‌ನಲ್ಲಿ ಸ್ಪಷ್ಟವಾಗಿ ಇರುತ್ತದೆ. ಆ್ಯಪ್ ಹಾಕಿಕೊಂಡು, ನಿಮ್ಮ ಇಮೇಲ್ ಮತ್ತು ಅಮೆರಿಕದ ಫೋನ್ ನಂಬರ್ ಕೊಟ್ಟು ಖಾತೆ ತೆರೆಯಿರಿ. ಒಂದು ಸಲ ಹೊರಗೆ ಬಂದು ಮತ್ತೆ ಲಾಗಿನ್ ಮಾಡಿ ನೋಡಿ, ಪಾಸ್‌ವರ್ಡ್ ಕೆಲಸ ಮಾಡುತ್ತಾ ಅಂತ. ಜತೆಗೆ ಸ್ಟಬ್‌ಹಬ್, ಸೀಟ್‌ಗೀಕ್, ಗೇಮ್‌ಟೈಮ್ ತರಹದ ಮರುಮಾರಾಟದ ಆ್ಯಪ್‌ಗಳಲ್ಲಿ ಒಂದೆರಡು ಇರಲಿ. ಕಾರ್ಡ್ ವಿವರ ಮೊದಲೇ ತುಂಬಿಸಿಡಿ.

ಇಷ್ಟೆಲ್ಲ ಯಾಕೆ ಅಂದರೆ, ಲಕ್ಷ ಜನ ಒಂದೇ ಜಾಗದಲ್ಲಿ ಸೇರಿದಾಗ ನೆಟ್‌ವರ್ಕ್ ತೆವಳುತ್ತದೆ. ಮಾರುವವನು ಎದುರಿಗೇ ನಿಂತಿದ್ದಾನೆ, ಬೆಲೆ ಒಪ್ಪಿಗೆಯಾಗಿದೆ, ನಿಮ್ಮ ಫೋನಿನಲ್ಲಿ ಮಾತ್ರ ಆ್ಯಪ್ ಡೌನ್‌ಲೋಡ್ ಆಗುತ್ತಾ ಚಕ್ರ ಸುತ್ತುತ್ತಿದೆ. ಅವನು ಎಷ್ಟು ಹೊತ್ತು ಕಾಯುತ್ತಾನೆ? ಪಕ್ಕದಲ್ಲೇ ಇನ್ನೊಬ್ಬ ಗಿರಾಕಿ ಇರುತ್ತಾನೆ.

ಬ್ಯಾಟರಿ ಪೂರ್ತಿ ಇರಲಿ, ಪವರ್ ಬ್ಯಾಂಕ್ ಜೇಬಿನಲ್ಲಿರಲಿ. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ. ಫೋನ್ ಸತ್ತರೆ ಟಿಕೆಟ್ಟೂ ಇಲ್ಲ.

ನಗದು ತರುವುದನ್ನು ಮರೆಯಬೇಡಿ. 20 ಡಾಲರ್ ನೋಟುಗಳು, ಜತೆಗೆ ಸ್ವಲ್ಪ 10 ಮತ್ತು 5ರ ನೋಟುಗಳು. ಎಲ್ಲವನ್ನೂ ಒಂದೇ ಜೇಬಿನಲ್ಲಿ ಇಡಬೇಡಿ. 70 ಕೊಡುತ್ತೇನೆ ಅಂತ ಚೌಕಾಸಿ ಮಾಡಿ, ಆಮೇಲೆ 100 ಡಾಲರ್ ಇರುವ ಕಟ್ಟು ತೆಗೆದರೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಚಿಲ್ಲರೆ ಇಲ್ಲ ಅನ್ನುವ ನೆಪವೂ ಆಗ ಶುರುವಾಗುತ್ತದೆ.

ಹಂತ 3: ಎಷ್ಟಕ್ಕೆ ಮೇಲೆ ಹೋಗಬಾರದು, ಮೊದಲೇ ತೀರ್ಮಾನಿಸಿ

ಆಟದ ವಾರ ಪೂರ್ತಿ ದಿನಕ್ಕೊಂದು ಸಲ ಆ್ಯಪ್‌ನಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆ ಎಷ್ಟಿದೆ ನೋಡಿ. ಇಳಿಯುತ್ತಿದೆಯಾ, ಏರುತ್ತಿದೆಯಾ ಗೊತ್ತಾಗುತ್ತದೆ. ಶುಕ್ರವಾರ ರಾತ್ರಿಯೂ ಏರುತ್ತಲೇ ಇದ್ದರೆ ಬಾಗಿಲ ಹತ್ತಿರ ಅಗ್ಗಕ್ಕೆ ಸಿಗುವ ಆಸೆ ಕಡಿಮೆ.

ನೋಡುವಾಗ ಶುಲ್ಕವೆಲ್ಲ ಸೇರಿದ ಕೊನೇ ಮೊತ್ತವನ್ನೇ ನೋಡಿ. ಮೊದಲೆಲ್ಲ 40 ಅಂತ ತೋರಿಸಿ, ದುಡ್ಡು ಕಟ್ಟುವ ಪುಟಕ್ಕೆ ಬಂದಾಗ ಸೇವಾ ಶುಲ್ಕ ಅಂತ ಇನ್ನಷ್ಟು ಸೇರಿಸುತ್ತಿದ್ದರು. 2025ರ ಮೇ 12ರಿಂದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನಿಯಮ ಜಾರಿಗೆ ಬಂದು, ಇಂಥ ಟಿಕೆಟ್‌ಗಳಿಗೆ ಕಡ್ಡಾಯ ಶುಲ್ಕ ಸೇರಿದ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಬೇಕಾಗಿದೆ. ಆದರೂ ದುಡ್ಡು ಕಟ್ಟುವ ಮುಂಚೆ ಕೊನೇ ಸಾಲು ಓದುವ ಅಭ್ಯಾಸ ಒಳ್ಳೆಯದು.

ಆ್ಯಪ್‌ನ ಆ ಮೊತ್ತವೇ ನಿಮ್ಮ ಗರಿಷ್ಠ ಬೆಲೆ. ಬೀದಿಯಲ್ಲಿ ಅದಕ್ಕಿಂತ ಒಂದು ಡಾಲರ್ ಜಾಸ್ತಿ ಕೊಡಬೇಡಿ. ಅಷ್ಟೇ ಕೊಡುವುದಾದರೆ ಆ್ಯಪ್‌ನಲ್ಲೇ ಕೊಳ್ಳಿ, ಅಲ್ಲಿ ಟಿಕೆಟ್ ಕೆಲಸ ಮಾಡದಿದ್ದರೆ ಕೇಳಲು ಒಂದು ಜಾಗವಾದರೂ ಇದೆ.

ಬೀದಿಯಲ್ಲಿ ಕಡಿಮೆಗೆ ಸಿಗುವುದಕ್ಕೆ ಕಾರಣ ಸರಳ. ಆ್ಯಪ್ ಕೊಳ್ಳುವವನಿಂದಲೂ ಶುಲ್ಕ ತೆಗೆದುಕೊಳ್ಳುತ್ತದೆ, ಎಷ್ಟೋ ಕಡೆ ಮಾರುವವನಿಂದಲೂ ಕಮಿಷನ್ ಹಿಡಿಯುತ್ತದೆ. ನೀವು 60 ಕಟ್ಟುವ ಟಿಕೆಟ್ಟಿಗೆ ಮಾರುವವನ ಕೈಗೆ 45 ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಎದುರಿಗೆ ನಿಂತು 50ಕ್ಕೆ ಕೊಂಡರೆ ಇಬ್ಬರಿಗೂ ಲಾಭ. ಈ ಲೆಕ್ಕ ಮಾರುವವನಿಗೂ ಗೊತ್ತಿರುತ್ತದೆ. ಹಾಗಾಗಿ ಅರ್ಧ ಬೆಲೆಗೆ ಕೇಳಿ ಮುಖ ಕೆಡಿಸಿಕೊಳ್ಳುವ ಬದಲು ಈ ನಡುವಿನ ಜಾಗದಲ್ಲಿ ಮಾತಾಡಿ.

ಇಲ್ಲೇ ಇನ್ನೊಂದು ಮಾತು. ವಿಶ್ವವಿದ್ಯಾಲಯದ ಟಿಕೆಟ್ ಕಚೇರಿಯನ್ನು ಮರೆಯಬೇಡಿ. ಎದುರಾಳಿ ತಂಡದವರಿಗೆಂದು ಒಂದಷ್ಟು ಟಿಕೆಟ್ ಎತ್ತಿಟ್ಟಿರುತ್ತಾರೆ. ಅವರ ಕಡೆ ಮಾರಾಟವಾಗದೆ ಉಳಿದದ್ದು ವಾಪಸ್ ಬರುತ್ತದೆ. ಅದನ್ನು ಆಟದ ವಾರದಲ್ಲಿ ಮೂಲ ಬೆಲೆಗೇ ಮಾರುತ್ತಾರೆ. ಹೊರಗೆ ಅಲೆಯುವ ಮುಂಚೆ ಆ ವೆಬ್‌ಸೈಟ್ ಒಂದು ಸಲ ನೋಡಿದರೆ ಎಷ್ಟೋ ಸಲ ಕೆಲಸ ಅಲ್ಲೇ ಮುಗಿಯುತ್ತದೆ.

ಹಂತ 4: ಎಲ್ಲಿ ನಿಲ್ಲಬೇಕು, ಯಾವಾಗ ಹೋಗಬೇಕು

ಕಿಕ್‌ಆಫ್‌ಗೆ ಒಂದೂವರೆ ಗಂಟೆ ಮುಂಚೆ ಹೋಗಿ. ತೀರಾ ಬೇಗ ಹೋದರೆ ಎಲ್ಲರೂ ದೊಡ್ಡ ಬೆಲೆಯನ್ನೇ ಹೇಳುತ್ತಾರೆ. ಈ ಒಂದೂವರೆ ಗಂಟೆಯಲ್ಲಿ ಮೊದಲ ಅರ್ಧ ಗಂಟೆ ಏನೂ ಕೊಳ್ಳಬೇಡಿ. ಸುಮ್ನೆ ನಡೆಯಿರಿ, ಬೆಲೆ ಕೇಳಿಸಿಕೊಳ್ಳಿ. ಆಮೇಲಿನ ಮುಕ್ಕಾಲು ಗಂಟೆ ನಿಮ್ಮದು.

ಬಿಗ್ ಹೌಸ್ ಇರುವುದು ಮೇನ್ ಸ್ಟ್ರೀಟ್ ಮತ್ತು ಸ್ಟೇಡಿಯಂ ಬುಲವಾರ್ಡ್ ಸೇರುವ ಮೂಲೆಯಲ್ಲಿ. ಡೌನ್‌ಟೌನ್‌ನಿಂದ ಮೇನ್ ಸ್ಟ್ರೀಟ್ ಹಿಡಿದು ದಕ್ಷಿಣಕ್ಕೆ ನಡೆದರೆ ಸುಮಾರು ಅರ್ಧ ಗಂಟೆ. ಆ ದಿನ ಇಡೀ ರಸ್ತೆಯೇ ಹಳದಿ ಮತ್ತು ನೀಲಿ ಅಂಗಿಗಳಿಂದ ತುಂಬಿರುತ್ತದೆ. ಆ ಹರಿವಿನ ಜತೆ ನಡೆದರೆ ದಾರಿ ಕೇಳುವುದೇ ಬೇಡ. ಕಾರು ತಂದರೆ ಹತ್ತಿರದ ಮನೆಗಳ ಅಂಗಳದಲ್ಲಿ ದುಡ್ಡು ಕೊಟ್ಟು ನಿಲ್ಲಿಸಬೇಕಾಗುತ್ತದೆ, ಟಿಕೆಟ್‌ನಲ್ಲಿ ಉಳಿಸಿದ್ದು ಅಲ್ಲಿ ಹೋಗುತ್ತದೆ. ದೂರ ನಿಲ್ಲಿಸಿ ನಡೆಯಿರಿ.

ಸ್ಟೇಡಿಯಂ ಎದುರಿಗೆ ಪಯನೀರ್ ಹೈಸ್ಕೂಲಿನ ಮೈದಾನ ಮತ್ತು ವಿಶ್ವವಿದ್ಯಾಲಯದ ಗಾಲ್ಫ್ ಕೋರ್ಸ್ ಇವೆ. ಎರಡೂ ಕಡೆ ಟೈಲ್‌ಗೇಟ್ ಜೋರಾಗಿ ನಡೆಯುತ್ತದೆ. ನನ್ನ ಪ್ರಕಾರ ಟಿಕೆಟ್ ಹುಡುಕಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಯಾಕೆಂದರೆ ಇಲ್ಲಿ ಸಿಗುವುದು ಸ್ಕಾಲ್ಪರ್ ಅಲ್ಲ, ಮನೆಮಂದಿ. ನಾಲ್ಕು ಸೀಸನ್ ಟಿಕೆಟ್ ಇದೆ, ಮಗನಿಗೆ ಜ್ವರ, ಒಂದು ಟಿಕೆಟ್ ಉಳಿದಿದೆ, ಇಂಥವರು. ಅವರಿಗೆ ಲಾಭ ಬೇಕಿಲ್ಲ, ಟಿಕೆಟ್ ಹಾಳಾಗಬಾರದು ಅಷ್ಟೇ. ನೀವು ಇಡೀ ಆಟ ಅವರ ಪಕ್ಕದಲ್ಲೇ ಕೂರುವವರಾದ್ದರಿಂದ ಮೋಸ ಮಾಡುವ ಪ್ರಶ್ನೆಯೂ ಕಡಿಮೆ. ಮೂಲ ಬೆಲೆಗೆ, ಕೆಲವೊಮ್ಮೆ ಅದಕ್ಕಿಂತ ಕಡಿಮೆಗೆ ಕೊಡುತ್ತಾರೆ. ನಗುತ್ತಾ ಹತ್ತಿರ ಹೋಗಿ, "ಎಕ್ಸ್‌ಟ್ರಾ ಟಿಕೆಟ್ ಯಾರ ಹತ್ತಿರವಾದರೂ ಇದೆಯಾ?" ಅಂತ ಇಂಗ್ಲಿಷಿನಲ್ಲಿ ಕೇಳಿ. ಇದು ನನ್ನ ಮೊದಲ ಆಟ ಅನ್ನುವುದನ್ನೂ ಹೇಳಿ. ಇಲ್ಲ ಅಂದವರೂ ಪಕ್ಕದ ಗುಂಪನ್ನು ತೋರಿಸುತ್ತಾರೆ. ನಾಚಿಕೆ ಬೇಡ.

ಬೀದಿಯಲ್ಲಿ ನಿಂತು ಹುಡುಕುವ ಕ್ರಮವೂ ಒಂದಿದೆ. ಕೈ ಎತ್ತಿ ಬೆರಳು ತೋರಿಸುವುದು. ಎರಡು ಬೆರಳು ಎತ್ತಿದರೆ 'ನನಗೆ ಎರಡು ಟಿಕೆಟ್ ಬೇಕು' ಅಂತ. ಬಾಯಿ ಬಿಡಬೇಕಾಗಿಲ್ಲ, ಮಾರುವವರೇ ಹತ್ತಿರ ಬರುತ್ತಾರೆ. ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಹಿಡಿದರೂ ಆಗುತ್ತದೆ. "ಟಿಕೆಟ್ ಬೇಕಾ, ಟಿಕೆಟ್ ಇದೆಯಾ" ಅಂತ ಎರಡನ್ನೂ ಒಂದೇ ಉಸಿರಿಗೆ ಕೂಗುತ್ತಾ ಓಡಾಡುವವನು ಸ್ಕಾಲ್ಪರ್. ಅವನು ಒಂದು ಕಡೆ ಕೊಂಡು ಇನ್ನೊಂದು ಕಡೆ ಮಾರುವವನು. ಅವನ ಹತ್ತಿರ ಕೊಳ್ಳಲೇಬಾರದು ಅಂತೇನಿಲ್ಲ, ಆದರೆ ಮುಂದಿನ ಹಂತವನ್ನು ಅಕ್ಷರ ಅಕ್ಷರ ಪಾಲಿಸಿ.

ಎಷ್ಟು ಜನ ಹೋಗುತ್ತೀರಿ ಅನ್ನುವುದೂ ಬೆಲೆ ನಿರ್ಧರಿಸುತ್ತದೆ. ಒಂಟಿ ಟಿಕೆಟ್ ಎಲ್ಲಕ್ಕಿಂತ ಅಗ್ಗ, ಎರಡು ಸಿಗುತ್ತದೆ, ನಾಲ್ಕು ಒಟ್ಟಿಗೆ ಅಂದರೆ ಕಷ್ಟ. ನಾಲ್ವರಿದ್ದರೆ ಎರಡು ಎರಡಾಗಿ ಕೊಳ್ಳಿ.

ಹಂತ 5: ಕೊಳ್ಳುವ ಕ್ಷಣ

ಇಡೀ ಲೇಖನದಲ್ಲಿ ಇದೊಂದನ್ನು ಎರಡು ಸಲ ಓದಿ.

ಮೊದಲು ಅವನ ಫೋನಿನಲ್ಲಿ ಟಿಕೆಟ್ ತೋರಿಸಲು ಹೇಳಿ. ಆ್ಯಪ್ ತೆರೆದೇ ತೋರಿಸಬೇಕು, ಫೋಟೊ ಗ್ಯಾಲರಿಯಿಂದಲ್ಲ. ಎದುರಾಳಿ ತಂಡದ ಹೆಸರು, ದಿನಾಂಕ, ಸೆಕ್ಷನ್, ಸಾಲು, ಸೀಟ್ ನಂಬರ್ ಓದಿಕೊಳ್ಳಿ. ದಿನಾಂಕ ಓದದೆ ಬಿಡಬೇಡಿ. ಸೀಸನ್ ಟಿಕೆಟ್ ಇರುವವರ ಆ್ಯಪ್‌ನಲ್ಲಿ ಎಲ್ಲ ಆಟಗಳೂ ಸಾಲಾಗಿ ಇರುತ್ತವೆ, ಬೇರೆ ಆಟದ ಟಿಕೆಟ್ ಬಂದುಬಿಡಬಹುದು.

ಬೆಲೆ ಒಪ್ಪಿಗೆಯಾದ ಮೇಲೆ ನಿಮ್ಮ ಇಮೇಲ್ ಅಥವಾ ಫೋನ್ ನಂಬರ್‌ಗೆ ಟ್ರಾನ್ಸ್‌ಫರ್ ಮಾಡಲು ಹೇಳಿ. ನಿಮಗೆ ಒಂದು ಸಂದೇಶ ಬರುತ್ತದೆ. ಅದು ಬಂದಾಕ್ಷಣ ಟಿಕೆಟ್ ನಿಮ್ಮದಾಯಿತು ಅಂದುಕೊಳ್ಳಬೇಡಿ! ಸಂದೇಶ ತೆರೆದು ನೀವು 'ಅಕ್ಸೆಪ್ಟ್' ಒತ್ತುವವರೆಗೂ ಕಳಿಸಿದವನು ಅದನ್ನು ವಾಪಸ್ ತೆಗೆದುಕೊಳ್ಳಬಹುದು. ದುಡ್ಡು ಕೊಟ್ಟು, "ಸೀಟಿಗೆ ಹೋಗಿ ಅಕ್ಸೆಪ್ಟ್ ಮಾಡುತ್ತೇನೆ" ಅಂತ ಹೊರಟವರು ಕೈ ಸುಟ್ಟುಕೊಳ್ಳುವುದು ಇಲ್ಲೇ.

ಸಂದೇಶದ ಲಿಂಕ್ ಬೇರೆ ಯಾವುದೋ ಪುಟಕ್ಕೆ ಕರೆದೊಯ್ದು ಪಾಸ್‌ವರ್ಡ್ ಅಥವಾ ಕಾರ್ಡ್ ನಂಬರ್ ಕೇಳಿದರೆ ಅಲ್ಲೇ ನಿಲ್ಲಿಸಿ. ನಿಮ್ಮ ಆ್ಯಪ್ ನೀವೇ ತೆರೆದು ನೋಡಿ. ಟ್ರಾನ್ಸ್‌ಫರ್ ನಿಜವಾಗಿ ಬಂದಿದ್ದರೆ ಅಲ್ಲೇ ಕಾಣುತ್ತದೆ.

ಅಕ್ಸೆಪ್ಟ್ ಮಾಡಿ. ಟಿಕೆಟ್ ನಿಮ್ಮ ಖಾತೆಯಲ್ಲಿ, ನಿಮ್ಮ ಹೆಸರಿನ ಕೆಳಗೆ ಕಾಣಿಸಿತಾ? ಫೋನಿನ ವಾಲೆಟ್‌ಗೆ (ಟಿಕೆಟ್, ಕಾರ್ಡ್ ಉಳಿಸಿಡುವ ಆ್ಯಪ್) ಸೇರಿಸಿಕೊಳ್ಳಿ, ಆಗ ಬಾಗಿಲಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ತೊಂದರೆ ಇಲ್ಲ. ಈಗ ದುಡ್ಡು ಕೊಡಿ. ಈ ಕ್ಷಣಕ್ಕೆ ಮುಂಚೆ ಒಂದು ಡಾಲರ್ ಮುಂಗಡವೂ ಬೇಡ.

ಮಾರುವವನಿಗೂ ಭಯ ಇರುತ್ತದೆ, ಟಿಕೆಟ್ ಕಳಿಸಿದ ಮೇಲೆ ನೀವು ಓಡಿಹೋದರೆ ಅಂತ. ಅದು ನ್ಯಾಯವೇ. ಎಣಿಸಿದ ನೋಟುಗಳನ್ನು ಅವನಿಗೆ ಕಾಣುವ ಹಾಗೆ ಕೈಯಲ್ಲಿ ಹಿಡಿದುಕೊಂಡು, ಅವನ ಪಕ್ಕದಲ್ಲೇ ನಿಂತು ಅಕ್ಸೆಪ್ಟ್ ಮಾಡಿ. ಇನ್ನೂ ಒಳ್ಳೆಯ ದಾರಿ ಅಂದರೆ ಇಬ್ಬರೂ ಗೇಟಿನವರೆಗೆ ಒಟ್ಟಿಗೆ ನಡೆದು ಅಲ್ಲೇ ವ್ಯವಹಾರ ಮುಗಿಸುವುದು. ನಿಜವಾದ ಟಿಕೆಟ್ ಇದ್ದವನು ಇದಕ್ಕೆ ಬೇಡ ಅನ್ನುವುದು ಅಪರೂಪ. "ಇಲ್ಲ, ಮೊದಲು ದುಡ್ಡು, ಬೇಗ ಬೇಗ" ಅಂತ ಅವಸರ ಮಾಡುವವನನ್ನು ಬಿಟ್ಟು ನಡೆಯಿರಿ.

ನಗದು ಬೇಡ ಅಂದರೆ ವೆನ್ಮೋ ಅಥವಾ ಝೆಲ್ ಕೇಳುತ್ತಾರೆ. ಇವು ನಮ್ಮ ಯುಪಿಐ ತರಹ ಫೋನಿನಿಂದ ಫೋನಿಗೆ ದುಡ್ಡು ಕಳಿಸುವ ಆ್ಯಪ್‌ಗಳು. ಝೆಲ್‌ನಲ್ಲಿ ಕಳಿಸಿದ ದುಡ್ಡು ವಾಪಸ್ ಬರುವುದು ಬಹಳ ಕಷ್ಟ. ವೆನ್ಮೋದಲ್ಲಿ ಸ್ನೇಹಿತರಿಗೆ ಕಳಿಸಿದಂತೆ ಕಳಿಸಿದರೆ ರಕ್ಷಣೆ ಇಲ್ಲ. ವಸ್ತು ಕೊಂಡದ್ದು ಅಂತ ಗುರುತು ಹಾಕುವ ಆಯ್ಕೆ ಇದೆ, ಅದನ್ನು ಬಳಸಿ. ಹಾಗೆ ಮಾಡಿದರೆ ಮಾರುವವನಿಗೆ ಸ್ವಲ್ಪ ಶುಲ್ಕ ಬೀಳುತ್ತದೆ, ಅದನ್ನು ನೀವೇ ಕೊಡುತ್ತೇನೆ ಅಂತ ಹೇಳಿ.

ಇವನ್ನು ಕಂಡರೆ ಕೊಳ್ಳಲೇಬೇಡಿ

ಸ್ಕ್ರೀನ್‌ಶಾಟ್. ಎಷ್ಟೋ ಟಿಕೆಟ್ ಆ್ಯಪ್‌ಗಳಲ್ಲಿ ಬಾರ್‌ಕೋಡ್ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಸ್ಕ್ರೀನ್‌ಶಾಟ್ ತೆಗೆದ ಕೂಡಲೇ ಅದು ಹಳೆಯದಾಯಿತು. ಬದಲಾಗದ ಬಾರ್‌ಕೋಡ್ ಆದರೂ ಅದೇ ಚಿತ್ರವನ್ನು ಹತ್ತು ಜನರಿಗೆ ಕಳಿಸಬಹುದು, ಮೊದಲು ಗೇಟಿಗೆ ಹೋದವನಿಗೆ ಮಾತ್ರ ಪ್ರವೇಶ.

ಕಾಗದದ ಟಿಕೆಟ್. ಆ ಸ್ಟೇಡಿಯಂನಲ್ಲಿ ಮೊಬೈಲ್ ಟಿಕೆಟ್ ಮಾತ್ರ ಅಂತ ನಿಯಮ ಇದ್ದರೆ ಕಾಗದ ಎಷ್ಟೇ ಚೆನ್ನಾಗಿ ಮಿಂಚುತ್ತಿರಲಿ, ಅದು ನಕಲಿ ಅಥವಾ ನೆನಪಿಗೆ ಇಟ್ಟುಕೊಳ್ಳಲು ಮುದ್ರಿಸಿದ ಪ್ರತಿ.

ವಿದ್ಯಾರ್ಥಿ ಟಿಕೆಟ್. ಇದು ಅಗ್ಗ, ಹಾಗಾಗಿ ಆಸೆ ಹುಟ್ಟಿಸುತ್ತದೆ. ಆದರೆ ಗೇಟಿನಲ್ಲಿ ವಿದ್ಯಾರ್ಥಿ ಗುರುತಿನ ಚೀಟಿ ಕೇಳಬಹುದು. ಬೇರೆಯವರು ಬಳಸಬೇಕಾದರೆ ಹೆಚ್ಚುವರಿ ಹಣ ಕಟ್ಟಿ ಅದನ್ನು ಸಾಮಾನ್ಯ ಟಿಕೆಟ್ ಆಗಿ ಬದಲಾಯಿಸಿಕೊಳ್ಳುವ ವ್ಯವಸ್ಥೆ ಕೆಲವು ಕಡೆ ಇದೆ. ಬದಲಾಯಿಸಿದ್ದಾರಾ ಅಂತ ಕೇಳಿ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದರ ತಂಟೆಗೇ ಹೋಗಬೇಡಿ. ವಿದ್ಯಾರ್ಥಿ ಭಾಗದಲ್ಲಿ ಇಡೀ ಆಟ ನಿಂತೇ ನೋಡುತ್ತಾರೆ. ಮೂರೂವರೆ ಗಂಟೆ ನಿಲ್ಲುವುದು ಹಿರಿಯರಿಂದ ಆಗುವ ಕೆಲಸ ಅಲ್ಲ.

ಹಂತ 6: ಯಾವ ಸೀಟು?

ಬಿಗ್ ಹೌಸ್‌ನ ಬಹುಪಾಲು ಭಾಗ ನೆಲಮಟ್ಟಕ್ಕಿಂತ ಕೆಳಗಿದೆ. ಹೊರಗಿನಿಂದ ನೋಡಿದರೆ ಇಷ್ಟು ಜನ ಹಿಡಿಸುತ್ತದೆ ಅಂತ ಅನಿಸುವುದೇ ಇಲ್ಲ. ಒಳಗೆ ಹೋಗುವುದು ಮೇಲಿನ ಸಾಲುಗಳ ಹತ್ತಿರದಿಂದ, ಅಲ್ಲಿಂದ ಕೆಳಗೆ ಇಳಿಯಬೇಕು. ಅಂದರೆ ಸಾಲಿನ ನಂಬರ್ ಚಿಕ್ಕದಾದಷ್ಟೂ ಮೆಟ್ಟಿಲು ಜಾಸ್ತಿ. ಮೊಣಕಾಲು ನೋವಿನ ಅಮ್ಮನಿಗೆ ಮುಂದಿನ ಸಾಲು ಕೊಡಿಸಿದೆ ಅಂತ ಖುಷಿಪಟ್ಟರೆ ವಾಪಸ್ ಹತ್ತುವಾಗ ಅವರಿಗೆ ತೊಂದರೆ. ಅಲ್ಲದೆ ತೀರಾ ಮುಂದಿನ ಸಾಲುಗಳಲ್ಲಿ ಕೂತರೆ ಮೈದಾನದ ಅಂಚಿನಲ್ಲಿ ನಿಂತ ಆಟಗಾರರ ಬೆನ್ನು ಮಾತ್ರ ಕಾಣುತ್ತದೆ. ಮೇಲಿನ ಸಾಲುಗಳಿಂದ ಇಡೀ ಆಟ ಬಿಡಿಸಿಟ್ಟ ಹಾಗೆ ಕಾಣುತ್ತದೆ, ಬೆಲೆಯೂ ಕಡಿಮೆ. ನಾನಂತೂ ಮೇಲಿನ ಸಾಲನ್ನೇ ಹೇಳುತ್ತೇನೆ.

ಮೈದಾನ ಉತ್ತರ ದಕ್ಷಿಣವಾಗಿದೆ. ಹಾಗಾಗಿ ಪೂರ್ವ ಭಾಗದಲ್ಲಿ ಕೂತವರ ಮುಖಕ್ಕೆ ಮಧ್ಯಾಹ್ನದ ಮೇಲೆ ಬಿಸಿಲು ಹೊಡೆಯುತ್ತದೆ. ಸೆಪ್ಟೆಂಬರ್‌ನಲ್ಲಿ ಇದು ಹಿಂಸೆ, ಪಶ್ಚಿಮ ಭಾಗ ಹುಡುಕಿ. ನವೆಂಬರ್‌ನಲ್ಲಿ ಅದೇ ಬಿಸಿಲು ಬೇಕು ಅನಿಸುತ್ತದೆ, ಆಗ ಪೂರ್ವವೇ ಒಳ್ಳೆಯದು. ಹೆಚ್ಚಿನವು ಒರಗಲು ಬೆನ್ನಿಲ್ಲದ ಉದ್ದನೆಯ ಲೋಹದ ಬೆಂಚುಗಳು, ನಂಬರ್ ಮಾತ್ರ ಬರೆದಿರುತ್ತದೆ. ಚಳಿಗಾಲದಲ್ಲಿ ಅದರ ಮೇಲೆ ಕೂರುವುದು ಮಂಜಿನ ಮೇಲೆ ಕೂತ ಹಾಗೆ. ಕೂರಲು ತೆಳ್ಳನೆಯ ಮೆತ್ತೆ ಒಯ್ಯಬಹುದಾ ನೋಡಿಕೊಂಡು ಒಯ್ಯಿರಿ.

ಹಂತ 7: ಗೇಟಿನಲ್ಲಿ

ಚೀಲದ ನಿಯಮ ಬಹಳ ಬಿಗಿ. ಬೆನ್ನಿಗೆ ಹಾಕುವ ಬ್ಯಾಗ್ ತಂದರೆ ಒಳಗೆ ಬಿಡುವುದಿಲ್ಲ, ಇಡಲು ಜಾಗ ಹುಡುಕುವುದರಲ್ಲೇ ಆಟದ ಒಂದು ಕ್ವಾರ್ಟರ್, ಅಂದರೆ ಕಾಲು ಭಾಗ, ಮುಗಿಯುತ್ತದೆ. ಪಾರದರ್ಶಕ ಚೀಲಕ್ಕಾದರೂ ಅವಕಾಶ ಇದೆಯಾ, ನೀರಿನ ಬಾಟಲಿ ಬಿಡುತ್ತಾರಾ, ಕೈಗೂಸಿಗೂ ಟಿಕೆಟ್ ಬೇಕಾ, ಇವನ್ನೆಲ್ಲ ಆ ವರ್ಷದ ನಿಯಮದ ಪುಟದಲ್ಲಿ ಓದಿಕೊಂಡು ಹೊರಡಿ. ಛತ್ರಿಯನ್ನೂ ಬಿಡುವುದಿಲ್ಲ, ಮಳೆ ಇದ್ದರೆ ರೇನ್‌ಕೋಟ್ ಹಾಕಿಕೊಳ್ಳಿ. ಚಿತ್ರಾನ್ನ, ಚಪಾತಿ ಪಲ್ಯ ತಂದಿದ್ದರೆ ಹೊರಗೇ ಟೈಲ್‌ಗೇಟ್ ಮಾಡಿ ಮುಗಿಸಿ.

ಟಿಕೆಟ್ ಮೇಲೆ ಬರೆದ ಗೇಟಿಗೇ ಹೋಗಿ. ಕಿಕ್‌ಆಫ್‌ಗೆ 15 ನಿಮಿಷ ಇರುವಾಗ ಸಾಲು ಬಹಳ ಉದ್ದ ಇರುತ್ತದೆ.

ಕಿಕ್‌ಆಫ್ ಆದ ಮೇಲೂ ಕಾಯಬಹುದಾ?

ಕಾಯಬಹುದು, ಬೆಲೆ ಎಲ್ಲಕ್ಕಿಂತ ಕೆಳಗೆ ಬೀಳುವುದು ಆಗಲೇ. ಆಟ ಶುರುವಾದ ಮೇಲೆ ಮಾರುವವನ ಕೈಯಲ್ಲಿರುವ ಟಿಕೆಟ್ಟಿಗೆ ನಿಮಿಷ ನಿಮಿಷಕ್ಕೂ ಬೆಲೆ ಕಡಿಮೆಯಾಗುತ್ತಾ ಹೋಗುತ್ತದೆ. ಗೇಮ್‌ಟೈಮ್ ತರಹದ ಆ್ಯಪ್‌ಗಳಲ್ಲೂ ಆಟ ಶುರುವಾದ ಮೇಲೆ ಮಾರಾಟ ನಡೆಯುತ್ತದೆ. 15 ನಿಮಿಷದ ನಾಲ್ಕು ಕ್ವಾರ್ಟರ್ ಅಂತ ಲೆಕ್ಕಕ್ಕೆ ಒಂದೇ ಗಂಟೆ, ಆದರೆ ಗಡಿಯಾರ ನಿಂತು ನಿಂತು ಆಟ ಮುಗಿಯಲು ಮೂರೂವರೆ ಗಂಟೆ ಹತ್ತಿರ ಆಗುತ್ತದೆ. 20 ನಿಮಿಷ ತಡವಾದರೆ ಆಟದಲ್ಲಿ ಹೆಚ್ಚೇನೂ ತಪ್ಪುವುದಿಲ್ಲ.

ಆದರೆ ಮೊದಲ ಸಲ ಹೋಗುವವರಿಗೆ ನಾನು ಇದನ್ನು ಹೇಳುವುದಿಲ್ಲ. ಮಿಷಿಗನ್‌ನಲ್ಲಿ ಆಟಕ್ಕೆ ಮುಂಚಿನ ಆ ಕೆಲವು ನಿಮಿಷ ಬಿಡಬಾರದ್ದು. ಬ್ಯಾಂಡು ಮೈದಾನಕ್ಕೆ ನುಗ್ಗುತ್ತದೆ. ಮುಂದಾಳು ಬೆನ್ನನ್ನು ಹಿಂದಕ್ಕೆ ಬಾಗಿಸಿ, ಬಾಗಿಸಿ, ತಲೆಯ ಟೋಪಿಯನ್ನು ನೆಲಕ್ಕೆ ಮುಟ್ಟಿಸುತ್ತಾನೆ. ಆಮೇಲೆ ಆಟಗಾರರು ಓಡಿಬಂದು ಎತ್ತಿ ಹಿಡಿದ ನೀಲಿ ಬ್ಯಾನರ್ ಅನ್ನು ಹಾರಿ ಮುಟ್ಟುತ್ತಾರೆ. ಆಗ ಲಕ್ಷ ಜನ ಒಟ್ಟಿಗೆ ಕೂಗುವುದನ್ನು ಕೇಳಲು 10 ಡಾಲರ್ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಕಾನೂನಿನ ವಿಷಯ

ಟಿಕೆಟ್ ಮರುಮಾರಾಟದ ಕಾನೂನು ಒಂದೊಂದು ರಾಜ್ಯದಲ್ಲಿ ಒಂದೊಂದು ತರಹ. ಅನುಮತಿ ಇಲ್ಲದೆ ಮೂಲ ಬೆಲೆಗಿಂತ ಜಾಸ್ತಿಗೆ ಮಾರುವುದರ ವಿರುದ್ಧ ಮಿಷಿಗನ್‌ನಲ್ಲಿ ಹಳೆಯ ಕಾನೂನು ಇದೆ. ವಿಶ್ವವಿದ್ಯಾಲಯದ ಆವರಣದೊಳಗೆ ಮಾರುವುದನ್ನೇ ತಡೆಯುವ ಕಡೆಗಳೂ ಇವೆ. ಪೊಲೀಸರು ಒಂದು ಜಾಗದಿಂದ ಹೋಗಿ ಅಂದರೆ ವಾದ ಮಾಡದೆ ಹೊರಡಿ.

ಎಫ್-1 ವೀಸಾದಲ್ಲಿ ಇರುವ ವಿದ್ಯಾರ್ಥಿಗಳಿಗೆ ಒಂದು ಕಳಕಳಿಯ ಮಾತು. ನಿಮ್ಮ ಒಂದು ಟಿಕೆಟ್ ಉಳಿದು, ಕೊಂಡ ಬೆಲೆಗೆ ಸ್ನೇಹಿತರಿಗೆ ಕೊಡುವುದು ಬೇರೆ. ಹತ್ತು ಟಿಕೆಟ್ ಕೊಂಡು ಲಾಭಕ್ಕೆ ಮಾರುವ ವ್ಯಾಪಾರಕ್ಕೆ ಇಳಿಯುವುದು ಬೇರೆ. ಅದು ಅನುಮತಿ ಇಲ್ಲದ ಕೆಲಸ ಅನ್ನಿಸಿಕೊಂಡರೆ ವೀಸಾಕ್ಕೇ ಕುತ್ತು. ನೂರಿನ್ನೂರು ಡಾಲರ್ ಆಸೆಗೆ ಓದಿಗೆ ಕಲ್ಲು ಹಾಕಿಕೊಳ್ಳಬೇಡಿ.

ಗೇಟಿನಲ್ಲಿ ಸ್ಕ್ಯಾನ್ ಆಗದಿದ್ದರೆ

ಗಾಬರಿ ಬೀಳಬೇಡಿ. ಫೋನಿನ ಬೆಳಕು ಪೂರ್ತಿ ಹೆಚ್ಚಿಸಿ ಇನ್ನೊಂದು ಸಲ ಪ್ರಯತ್ನಿಸಿ. ಎಷ್ಟೋ ಸಲ ತೊಂದರೆ ಅಷ್ಟೇ ಇರುತ್ತದೆ. ಆಗಲೂ ಆಗದಿದ್ದರೆ ಸಾಲಿನಿಂದ ಪಕ್ಕಕ್ಕೆ ಬಂದು ಗೇಟಿನವರನ್ನು ಟಿಕೆಟ್ ಸಮಸ್ಯೆ ನೋಡುವ ಕೌಂಟರ್ ಎಲ್ಲಿ ಅಂತ ಕೇಳಿ. ಟಿಕೆಟ್ ನಿಮ್ಮ ಖಾತೆಗೆ ಅಧಿಕೃತವಾಗಿ ಟ್ರಾನ್ಸ್‌ಫರ್ ಆಗಿದ್ದರೆ ಅವರು ಅದನ್ನು ತೆಗೆದು ನೋಡಬಲ್ಲರು. ಮರುಮಾರಾಟದ ಆ್ಯಪ್‌ನಲ್ಲಿ ಕೊಂಡಿದ್ದರೆ ಅಲ್ಲಿಂದ ಕದಲುವ ಮುಂಚೆಯೇ ಆ್ಯಪ್‌ನ ಸಹಾಯವಾಣಿಗೆ ಫೋನ್ ಮಾಡಿ. ಆಟ ಮುಗಿದು ಮನೆಗೆ ಹೋಗಿ ಹೇಳಿದರೆ ದುಡ್ಡು ವಾಪಸ್ ಪಡೆಯುವುದು ಕಷ್ಟವಾಗುತ್ತದೆ. ಟಿಕೆಟ್ ಸ್ಕ್ಯಾನ್ ಆಗಲಿಲ್ಲ ಅಂತ ಗೇಟಿನಲ್ಲಿ ಬಂದ ಸಂದೇಶದ ಫೋಟೊ ಒಂದು ತೆಗೆದಿಟ್ಟುಕೊಳ್ಳಿ, ಅದರಲ್ಲಿ ಹೊತ್ತು ಕಾಣುವ ಹಾಗಿರಲಿ.